ಪಟ್ಟದ ಗೊಂಬೆಯ ಮುಂದೆ ಚಕ್ರವರ್ತಿಯ ರೈಲು

ಜಪಾನಿನ ಚಕ್ರವರ್ತಿಯ ರೈಲನ್ನು ಓಡಿಸುವುದು ಅಂಥ ಕಷ್ಟದ ಕೆಲಸವೇನಲ್ಲ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಹಳಿ ಇದೆ, ಎಂಜಿನ್ ಇದೆ, ತಿರುಗಿಸಲು ಒಂದು ಗುಂಡಿ ಇದೆ. ಬಲಕ್ಕೆ ತಿರುಗಿಸಿದರೆ ಹೊರಡುತ್ತದೆ, ಎಡಕ್ಕೆ ತಿರುಗಿಸಿದರೆ ನಿಲ್ಲುತ್ತದೆ. ಇಷ್ಟಕ್ಕೆಲ್ಲ ಬುದ್ಧಿ ಯಾಕೆ ಬೇಕು? ಬೇಕಾಗಿತ್ತು!

ನಿಜವಾದ ರೈಲಲ್ಲ, ಗಾಬರಿಯಾಗಬೇಡಿ. ನನ್ನದು ಮಾದರಿ. ಎಂಜಿನ್ ಬೆಂಡೆಕಾಯಿಗಿಂತ ಒಂದಿಷ್ಟು ಉದ್ದ, ಅದರ ಹಿಂದೆ ಐದು ಬೋಗಿ. ಗಾತ್ರ ಚಿಕ್ಕದಾದರೂ ವಂಶ ದೊಡ್ಡದು. ಇದರ ಅಸಲಿ ಎಂಜಿನ್ನನ್ನು ಚಕ್ರವರ್ತಿಯ ಪ್ರಯಾಣಕ್ಕೆಂದೇ ಕಟ್ಟಿದ್ದರಂತೆ. ಮಿರಮಿರ ಮಿಂಚುವ ಕೆಂಗಂದು ಮೈ, ಸೊಂಟದ ಸುತ್ತ ಬೆಳ್ಳಿಯ ಪಟ್ಟಿ, ಮೂತಿಯ ಮೇಲೆ ಕತ್ತರಿಯಾಕಾರದಲ್ಲಿ ಸಿಕ್ಕಿಸಿದ ಎರಡು ಬಾವುಟ. ಚಕ್ರವರ್ತಿ ಕೂರುವುದು ನಡುವಿನ ಬೋಗಿಯಲ್ಲಿ. ಅದಕ್ಕೆ ಚಿನ್ನದ ಬಣ್ಣದ ಸೇವಂತಿಗೆ ಲಾಂಛನ. ನಾನು ಸಿಂಗಪುರದ ಸೆಂಗ್‌ಕಾಂಗ್‌ನಲ್ಲಿ ಕಂಪ್ಯೂಟರ್ ಕುಟ್ಟುವವನಾದರೂ ಹುಟ್ಟಿದ್ದು ಮೈಸೂರಿನಲ್ಲಿ. ಅರಮನೆ ಊರಿನವನಿಗೆ ಅರಸರ ರೈಲಿನ ಹುಚ್ಚು ಹಿಡಿದರೆ ತಪ್ಪೇನು?

ಆ ಕೆಂಗಂದು ಬಣ್ಣವನ್ನು ಸರಿಯಾಗಿ ಬೆರೆಸಲು ನನಗೆ ಮೂರು ತಿಂಗಳು ಹಿಡಿಯಿತು. ಕೊನೆಗೂ ಸಿದ್ಧಿಸಿದ ದಿನ ಎಂಜಿನ್ನನ್ನು ಅಂಗೈಯಲ್ಲಿಟ್ಟುಕೊಂಡು ಹೆಂಡತಿ ಶೈಲಾಗೆ ತೋರಿಸಿದೆ.

“ಚೆನ್ನಾಗಿದೆ ರೀ. ಥೇಟ್ ಹುಣಸೆಹಣ್ಣಿನ ಕಲರ್.”

“ಇದು ಚಕ್ರವರ್ತಿಗಳ ಬಣ್ಣ ಕಣೇ!”

“ಹಾಗಾದ್ರೆ ಹಳೇ ಹುಣಸೆಹಣ್ಣು.”

ಅವಳ ಸಿಟ್ಟಿಗೆ ಕಾರಣವಿತ್ತು. ಎಂಟು ತಿಂಗಳಿಂದ ನಮ್ಮ ಡೈನಿಂಗ್ ಟೇಬಲ್ ಮೇಲೆ ಹಳಿ ಹಾಸಿತ್ತು. ಅವಳು, ನಾನು, ಹನ್ನೊಂದು ವರ್ಷದ ಮಗಳು ದಿಯಾ, ಮೂವರೂ ಸೋಫಾದಲ್ಲಿ ಕೂತು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದೆವು. ಸೋಫಾದ ಮೇಲೆ ಸಾರಿನ ಕಲೆಗಳು ಖಂಡಗಳ ಹಾಗೆ ಹರಡಿ ಒಂದು ಪ್ರಪಂಚ ಭೂಪಟವೇ ತಯಾರಾಗಿತ್ತು.

ದಸರಾ ಹತ್ತಿರ ಬಂದಾಗ ಶೈಲಾ ಕೊನೆಯ ನಿರ್ಧಾರ ಹೇಳಿಬಿಟ್ಟಳು. “ಗೊಂಬೆ ಕೂರಿಸೋಕೆ ನಂಗೆ ಹಾಲ್ ಬೇಕು, ಬಂದವ್ರಿಗೆ ಊಟಕ್ಕೆ ಟೇಬಲ್ ಬೇಕು. ರೈಲು ಎತ್ತಿ.”

ಆಗ ನನ್ನ ಬಾಯಿ ಸುಮ್ಮನಿರಬೇಕಿತ್ತು. “ಎತ್ತೋದ್ಯಾಕೆ? ಗೊಂಬೆಗೇ ಸೇರಿಸೋಣ. ಚಕ್ರವರ್ತಿಯ ರೈಲು ಬಂದು ನಿನ್ನ ಪಟ್ಟದ ಗೊಂಬೆ ಮುಂದೆ ನಿಲ್ಲಲಿ. ಆ ಡ್ರೈವರ್‌ಗಳು ಹೇಗೆ ನಿಲ್ಲಿಸ್ತಾರೆ ಗೊತ್ತಾ? ಕೆಂಪು ಹಾಸಿನ ಎದುರಿಗೇ ಬಾಗಿಲು. ಒಂದು ಸೆಂಟಿಮೀಟರ್ ಆಚೆ ಈಚೆ ಇಲ್ಲ!”

ದಿಯಾ ಫೋನಿನಿಂದ ತಲೆಯೆತ್ತಿದಳು. “ಅಪ್ಪ, ನಮ್ಮ LRT ರೈಲಲ್ಲಿ ಡ್ರೈವರೇ ಇಲ್ಲ. ಅದೂ ಡೈಲಿ ಕರೆಕ್ಟಾಗಿ ನಿಲ್ಲತ್ತೆ ಲಾ.”

ಸಿಂಗಪುರದ ‘ಲಾ’ ಬಾಲ ಹಚ್ಚಿದ ಈ ಮಾತನ್ನು ನಾನು ಕೇಳಿಸಿಕೊಳ್ಳಲಿಲ್ಲ. ಶೈಲಾ ಮಾತ್ರ ಸೊಂಟಕ್ಕೆ ಕೈಯಿಟ್ಟು ಪಂಥ ಕಟ್ಟಿದಳು. “ಸರಿ. ಎಲ್ಲರೆದುರು ನನ್ನ ರಾಜ ರಾಣಿ ಮುಂದೆ ಕರೆಕ್ಟಾಗಿ ನಿಂತ್ರೆ ಟೇಬಲ್ ಲೈಫ್‌ಲಾಂಗ್ ನಿಮ್ದು. ನಿಲ್ಲಲಿಲ್ಲ ಅಂದ್ರೆ ಅವತ್ತೇ ನಂದು.”

ಆ ರಾಜ ರಾಣಿ ಅವಳ ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಅವಳಿಗೆ ಬಂದ ಮರದ ಗೊಂಬೆಗಳು. ವಿಮಾನದಲ್ಲಿ ಅವುಗಳನ್ನು ಮಡಿಲಲ್ಲಿಟ್ಟುಕೊಂಡು ತಂದಿದ್ದಳು. ನನ್ನನ್ನು ಮಾತ್ರ ಹಿಂದಿನ ಸಾಲಿಗೆ ಕಳಿಸಿದ್ದಳು.

ಮೊದಲ ತಕರಾರು ಎತ್ತರದ್ದು. ಚಕ್ರವರ್ತಿಯ ರೈಲನ್ನು ಯಾರೂ ಮೇಲಿನಿಂದ ನೋಡಬಾರದು, ಪಕ್ಕದ ಹಳಿಯಲ್ಲಿ ಜೊತೆಜೊತೆಗೆ ಬೇರೆ ರೈಲು ಓಡಬಾರದು ಎಂದು ಹಿಂದೆ ನಿಯಮವಿತ್ತಂತೆ. ಆದ್ದರಿಂದ ನನ್ನ ರೈಲು ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಇರತಕ್ಕದ್ದು. ಮೇಲಿನ ಮೆಟ್ಟಿಲು ಪಟ್ಟದ ಗೊಂಬೆಗಳಿಗೇ ಮೀಸಲು ಎಂಬುದು ಮೈಸೂರಿನ ನಿಯಮ.

“ಮೇಲಿಂದ ಯಾರೂ ನೋಡಬಾರದು ಅಂದ್ರೆ ಹದಿಮೂರನೇ ಫ್ಲೋರ್‌ನವ್ರನ್ನೂ ಖಾಲಿ ಮಾಡಿಸ್ತೀರಾ?” ಎಂದಳು ಹನ್ನೆರಡನೇ ಮಹಡಿಯ ರಾಜಮಾತೆ.

ಎರಡು ಸಾಮ್ರಾಜ್ಯಗಳ ನಡುವೆ ಒಪ್ಪಂದವಾಯಿತು. ಪುಸ್ತಕದ ಬೀರುವಿನ ತಲೆಯಿಂದ ಹೊರಟ ಹಳಿ ಮೇಲಿನ ಮೆಟ್ಟಿಲಿಗೆ ಸೇರಿ, ರಾಜ ರಾಣಿಯ ಪಾದದೆದುರು ಹಾದು, ಮೆಟ್ಟಿಲಿನ ಆ ತುದಿಯಲ್ಲಿ ಮುಗಿಯತಕ್ಕದ್ದು. ಎಂಜಿನ್ನಿಗೆ ಒಂದು ಜಪಾನಿನ ಬಾವುಟ, ಒಂದು ನಮ್ಮ ಹಳದಿ ಕೆಂಪು. ತುದಿಯಲ್ಲಿ ತಡೆಕಟ್ಟೆ ಹಾಕೋಣವೇ ಎಂದು ದಿಯಾ ಕೇಳಿದಳು. ಚಕ್ರವರ್ತಿಯ ರೈಲಿಗೆ ತಡೆಯೇ? ಅವಮಾನ! ಬೇಡವೆಂದೆ.

ತಾಲೀಮು ನೋಡಲು ಎಂಟನೇ ಮಹಡಿಯ ಮೊರಿತಾ ಅಂಕಲ್‌ರನ್ನು ಕರೆದೆ. ಮಗಳ ಮನೆಯಲ್ಲಿರುವ ಅವರು ಜಪಾನಿನ ರೈಲ್ವೆ ವರ್ಕ್‌ಶಾಪಿನಲ್ಲಿದ್ದು ನಿವೃತ್ತರಾದವರು. ಹರೆಯದಲ್ಲಿ ಚಕ್ರವರ್ತಿಯ ಎಂಜಿನ್ನನ್ನು ಒರೆಸಿದ ಕೈ ಅದು! ಅವರ ಬಾಯಿಂದ ಒಂದೇ ಒಂದು ಮೆಚ್ಚುಗೆ ಕೇಳಲು ನಾನು ಎಂಟು ತಿಂಗಳಿಂದ ಕಾದಿದ್ದೆ. ಅವರು ಈವರೆಗೆ ಹೇಳಿದ್ದು “ಹೂಂ” ಮಾತ್ರ.

ರೈಲು ಬಂತು. ಎಂಜಿನ್ ರಾಜ ರಾಣಿಯ ಎದುರಿಗೇ ಗಕ್ಕನೆ ನಿಂತಿತು. ನಾನು ಎದೆಯುಬ್ಬಿಸಿ ಮೊರಿತಾ ಅಂಕಲ್‌ರನ್ನು ನೋಡಿದೆ.

“ಚಕ್ರವರ್ತಿ ಎಂಜಿನ್‌ನಲ್ಲಿ ಕೂತಿದ್ದಾರಾ?” ಎಂದು ಅವರು ತಮ್ಮ ಮೆಲುದನಿಯ ಇಂಗ್ಲಿಷಿನಲ್ಲಿ ಕೇಳಿದರು.

ನಿಲ್ಲಬೇಕಾದದ್ದು ಮೂರನೇ ಬೋಗಿಯ ಬಾಗಿಲು! ಎಂಟು ತಿಂಗಳು ಅಳತೆಪಟ್ಟಿ ಹಿಡಿದವನಿಗೆ ಇದು ಹೊಳೆದಿರಲಿಲ್ಲ. ಮತ್ತೆ ಅಳೆದು, ಮೂರನೇ ಬೋಗಿಗೆ ಸರಿಯಾಗಿ ಮೆಟ್ಟಿಲ ಅಂಚಿಗೆ ಒಂದು ಕೆಂಪು ಟೇಪ್ ಅಂಟಿಸಿದೆ. ಅಂಕಲ್ ಹೊರಡುವಾಗ ಬಾಗಿಲಲ್ಲಿ ನಿಂತು, “ನಾವು ಒರೆಸ್ತಿದ್ವಿ. ಒರೆಸಿದ ಮೇಲೂ ಒರೆಸ್ತಿದ್ವಿ,” ಎಂದಷ್ಟೇ ಹೇಳಿದರು.

ಆ ಮಾತು ನನ್ನ ತಲೆ ಕೆಡಿಸಿತು.

ಮರುದಿನ ಅತಿಥಿಗಳು ಬರುವ ಮುಂಚೆ ನೋಡುತ್ತೇನೆ, ಹಳಿ ಮಂಕಾಗಿದೆ! ಶೈಲಾ ಬೆಳಿಗ್ಗೆಯಷ್ಟೇ ಹಿತ್ತಾಳೆ ದೀಪಗಳನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಹೊಸದರಂತೆ ಮಾಡಿದ್ದಳು. ಅಡುಗೆಮನೆಯ ಕಟ್ಟೆಯ ಮೇಲೆ ಸ್ಟೀಲ್ ಬಟ್ಟಲಲ್ಲಿ ಹುಣಸೆ ರಸ ಇನ್ನೂ ಇತ್ತು. ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದಳು. ಆದರೆ ಅವಳು ಸೀರೆ ಉಡುತ್ತಿದ್ದಳು, ಮೇಲಾಗಿ ಸಾಮ್ರಾಜ್ಯದ ಮುಖ್ಯ ಎಂಜಿನಿಯರ್ ಅಡುಗೆಮನೆಯ ಅನುಮತಿ ಕೇಳುವುದುಂಟೇ? ಬಟ್ಟೆ ಅದ್ದಿ ಹಳಿಯನ್ನು ಈ ತುದಿಯಿಂದ ಆ ತುದಿಯವರೆಗೆ ತಿಕ್ಕಿದೆ. ಒರೆಸಿದ ಮೇಲೂ ಒರೆಸಿದೆ. ಹಳಿ ಫಳಫಳ ಎಂದಿತು.

ಅದು ಪುಳಿಯೋಗರೆ ಗೊಜ್ಜಿಗೆಂದು ಬೆಲ್ಲ ಕರಗಿಸಿಟ್ಟಿದ್ದ ರಸ. ಬೆಲ್ಲಕ್ಕೂ ಒಂದು ಹೊಳಪಿರುತ್ತದೆ ಎಂದು ನನಗೆ ತಿಳಿದದ್ದು ಆಮೇಲೆ.

ಸಂಜೆ ಮನೆ ತುಂಬಿತು. ರೇಷ್ಮೆ ಸೀರೆಗಳು, ಮಕ್ಕಳು, ಉಸಲಿಯ ಘಮ. ಮೊರಿತಾ ಅಂಕಲ್ ಕೋಟು ಹಾಕಿಕೊಂಡು ಬಂದು ಮುಂದಿನ ಕುರ್ಚಿಯಲ್ಲಿ ನೆಟ್ಟಗೆ ಕೂತರು. ನಾನು ಬಿಳಿ ಕೈಗವಸು ಧರಿಸಿ ಸಭೆಯನ್ನುದ್ದೇಶಿಸಿ ಎರಡು ಮಾತಾಡಿದೆ. ಎರಡು ಮಾತು ಇಪ್ಪತ್ತಾಗುವ ಹೊತ್ತಿಗೆ ಶೈಲಾ ಕೆಮ್ಮಿದಳು. ದಿಯಾ ನಿಲ್ದಾಣದ ದನಿಯಲ್ಲಿ ಘೋಷಿಸಿದಳು: “ದಯವಿಟ್ಟು ಗಮನಿಸಿ. ಚಕ್ರವರ್ತಿಗಳ ರೈಲು ಇನ್ನೇನು ಬರಲಿದೆ. ಹಳದಿ ಗೆರೆ ದಾಟಬೇಡಿ ಲಾ.”

ಗುಂಡಿ ತಿರುಗಿಸಿದೆ. ರೈಲು ಹೊರಟಿತು. ಚಪ್ಪಾಳೆ!

ಆಗಲೇ ನನ್ನ ಕಣ್ಣಿಗೆ ಬಿತ್ತು. ರೈಲಿನ ಪಕ್ಕದಲ್ಲಿ ಜೊತೆಜೊತೆಗೆ ಇನ್ನೊಂದು ರೈಲು ಹೋಗುತ್ತಿತ್ತು. ಕಪ್ಪಗೆ, ಸಣ್ಣಗೆ, ಬೀರುವಿನಿಂದ ರಾಜ ರಾಣಿಯವರೆಗೆ, ಒಂದೂ ಬೋಗಿ ತಪ್ಪದೆ. ಇರುವೆ!

ಚಕ್ರವರ್ತಿಗಳು ಮೆಟ್ಟಿಲು ತಲುಪುತ್ತಲೇ ಏದುಸಿರು ಬಿಟ್ಟು ನಿಂತರು. ಚಕ್ರಕ್ಕೆ ಬೆಲ್ಲ ಮೆತ್ತಿಕೊಂಡು ಹಳಿಯ ಕರೆಂಟು ಹತ್ತುತ್ತಿರಲಿಲ್ಲ. ಹಿಂದಿನಿಂದ ಒಬ್ಬರು ಆಂಟಿ, “ಇದು ಯಾವ ಸ್ಟೇಷನ್ ರೀ?” ಎಂದರು. ಗುಂಡಿಯನ್ನು ಪೂರ್ತಿ ಬಲಕ್ಕೆ ತಿರುಗಿಸಿಬಿಟ್ಟೆ.

ಎಲ್ಲೋ ಒಂದು ಕಡೆ ಕರೆಂಟು ಸಿಕ್ಕಿತು. ಬಿಟ್ಟ ಬಾಣದಂತೆ ಹೊರಟ ರೈಲು ರಾಜ ರಾಣಿಗೆ ಒಂದು ನಮಸ್ಕಾರವನ್ನೂ ಹೇಳದೆ ದಾಟಿ, ಕೆಂಪು ಟೇಪ್ ದಾಟಿ, ತಡೆಕಟ್ಟೆಯಿಲ್ಲದ ತುದಿಯನ್ನೂ ದಾಟಿತು. ಕೊನೆಯ ಬೋಗಿ ಬಾಲ ಬೀಸಿದ ಏಟಿಗೆ ರಾಣಿ ವಾಲಿದಳು. ಶೈಲಾಳ ಅಜ್ಜಿಯ ಗೊಂಬೆ!

ಶೈಲಾ ಸೆರಗು ಚಾಚಿ ಮುಂದೆ ಹಾರಿದಳು. ಸೆರಗಿಗೆ ಬಿದ್ದದ್ದು ಎಂಜಿನ್. ರಾಣಿ, ದೇವರ ದಯ, ರಾಜನ ಭುಜಕ್ಕೆ ಒರಗಿ ನಿಂತುಕೊಂಡಳು. ಬೋಗಿಗಳು ಒಂದೊಂದಾಗಿ ಕೆಳಗಿನ ಮೆಟ್ಟಿಲ ಶೆಟ್ಟಿ ಶೆಟ್ಟಮ್ಮ ಗೊಂಬೆಗಳ ದಿನಸಿ ಅಂಗಡಿಗೆ ಉರುಳಿದವು. ಮೂರನೆಯದು ತೊಗರಿಬೇಳೆಯ ರಾಶಿಯಲ್ಲಿ ನೆಟ್ಟಗೆ ಕೂತಿತ್ತು. ಅದರ ಬಾಗಿಲು ಶೆಟ್ಟಮ್ಮನ ಎದುರಿಗೆ ಸರಿಯಾಗಿ ಬಂದಿತ್ತು. ಒಂದು ಸೆಂಟಿಮೀಟರ್ ಆಚೆ ಈಚೆ ಇಲ್ಲ!

“ಗೊಂಬೆ ಬಿಟ್ಟು ಎಂಜಿನ್ ಹಿಡ್ಕೊಂಡ್ಯಲ್ಲೇ!” ಎಂದೆ.

“ನಮ್ಮಜ್ಜಿ ಗೊಂಬೆ ಎಷ್ಟು ಸಲ ಬಿದ್ದಿದೆಯೋ, ಅದಕ್ಕೆ ಅಭ್ಯಾಸ ಇದೆ. ಇದು ಬಿದ್ದಿದ್ರೆ ನಿಮ್ಮನ್ನ ಎತ್ತೋರು ಯಾರು?” ಎಂದಳು.

ಮೊರಿತಾ ಅಂಕಲ್ ಎದ್ದರು. ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು ಹಳಿ ಒರೆಸಿ, ಮೂಸಿ, ನಾಲಿಗೆಯ ತುದಿಗೆ ತಾಗಿಸಿದರು.

“ಸ್ವೀಟ್,” ಎಂದರು. ಸ್ವಲ್ಪ ಯೋಚಿಸಿ, “ಚಕ್ರವರ್ತಿಗಿಂತ ಮುಂಚೆ ಒಂದು ಪೈಲಟ್ ರೈಲು ಹೋಗಬೇಕು. ಹಳಿ ಪರೀಕ್ಷೆಗೆ. ನೀವು ಕಳಿಸಲಿಲ್ಲವಾ?” ಎಂದು ಕೇಳಿದರು.

“ಕಳಿಸಿದ್ವಿ ಅಂಕಲ್,” ಎಂದಳು ದಿಯಾ. “ಇರುವೆ!”

ಎಂಟು ತಿಂಗಳಲ್ಲಿ ಒಮ್ಮೆಯೂ ನಗದ ಮನುಷ್ಯ ಕುರ್ಚಿ ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಂಡು, ಶೈಲಾಳ ಸೆರಗಿನಿಂದ ಎಂಜಿನ್ನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬೆಳಕಿಗೆ ಹಿಡಿದರು. “ಬಣ್ಣ ಸರಿಯಾಗಿದೆ,” ಎಂದು ಅದಕ್ಕೆ ತಲೆಬಾಗಿಸಿದರು.

ನನಗೆ ಅಳು ಬಂದೇ ಬಿಟ್ಟಿತು. ಶೈಲಾ ಅವರ ಕಿವಿಯ ಬಳಿ ಬಗ್ಗಿ, “ಹುಣಸೆಹಣ್ಣಿನ ಕಲರ್ ಅಂಕಲ್,” ಎಂದಳು. ಅವರು ಗಂಭೀರವಾಗಿ ಒಪ್ಪಿಕೊಂಡರು.

ದಸರಾ ಮುಗಿಯಿತು. ಎಂಜಿನ್ ಈಗ ಹಳೇ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ರಾಜ ರಾಣಿಯ ಪೆಟ್ಟಿಗೆಯಲ್ಲೇ ಮಲಗಿದೆ. ವರ್ಷಕ್ಕೊಮ್ಮೆ ಹೊರಗೆ ಬರುತ್ತದಂತೆ. ಅಸಲಿಯೂ ಅಪರೂಪಕ್ಕೇ ಹೊರಬರುತ್ತಿತ್ತು ಎಂದು ಮೊರಿತಾ ಅಂಕಲ್ ಸಮಾಧಾನ ಹೇಳಿದ್ದಾರೆ. ಟೇಬಲ್ ಮಾತ್ರ ಪಂಥದ ಪ್ರಕಾರ ಅಂದೇ ಶೈಲಾಳದಾಗಿತ್ತು. ಆ ರಾತ್ರಿ ಅತಿಥಿಗಳು ಹೋದ ಮೇಲೆ ನಾವು ಮೂವರೂ ಎಂಟು ತಿಂಗಳ ನಂತರ ಅದರ ಮುಂದೆ ಕೂತೆವು. ದಿಯಾ ಕೆಂಪು ಟೇಪನ್ನು ಕಿತ್ತು ನನ್ನ ಕುರ್ಚಿಯ ಬಳಿ ನೆಲಕ್ಕೆ ಅಂಟಿಸಿದ್ದಳು. ನಾನು ಬಂದು ಸರಿಯಾಗಿ ಅದರ ಮೇಲೇ ನಿಂತೆ. ಹಸಿದವನಿಗೆ ಪೈಲಟ್ ರೈಲು ಬೇಕಿಲ್ಲ.

ಶೈಲಾ ಪುಳಿಯೋಗರೆ ಬಡಿಸಿದಳು. ಒಂದು ತುತ್ತು ತಿಂದೆ.

“ಚೆನ್ನಾಗಿದೆ ಕಣೇ. ಯಾಕೋ ಹುಳಿ ಸ್ವಲ್ಪ ಕಮ್ಮಿ.”

ತಾಯಿ ಮಗಳು ಇಬ್ಬರೂ ಬೀರುವಿನ ತಲೆಯ ಮೇಲಿದ್ದ ಹಳಿಯ ಕಡೆ ಬೆರಳು ತೋರಿಸಿದರು.