ಗಡಿ ದಾಟಿದ ಈಳಿಗೆ ಮಣೆ

ಗಡಿಗಳೇ ಹಾಗೆ. ಪಾಸ್‌ಪೋರ್ಟು, ವೀಸಾ, ಮುದ್ರೆ ಎಲ್ಲ ಸರಿಯಾಗಿರುವ ದಿನವೇ ಚೀಲದೊಳಗಿಂದ ಏನೋ ಒಂದು ಹೊರಬಂದು ಮಾನ ಕಳೆಯುತ್ತದೆ. ಮಧ್ಯ ಏಷ್ಯಾದಲ್ಲಿ ಒಬ್ಬಳೇ ಬಸ್ಸು, ಟ್ಯಾಕ್ಸಿ ಹತ್ತಿ ಇಳಿದು ಮೂರು ಗಡಿ ದಾಟಿದಾಗ ಆ ಕೆಲಸ ಮಾಡಿದ್ದು ಒಂದು ಈಳಿಗೆ ಮಣೆ.

ಹೊರಡುವಾಗ

ಚಿನಕುರಳಿಯ ನನ್ನ ದೊಡ್ಡಪ್ಪ ಕಮ್ಮಾರ. ಕಲ್ಲು ಒಡೆಯುವವರ ಉಳಿ ಕಾಯಿಸಿ ತಟ್ಟುತ್ತಾರೆ. ಮದುವೆಯಾದ ವರ್ಷ ದೊಡ್ಡಮ್ಮನಿಗೆಂದು ಮಡಚುವ ಈಳಿಗೆ ಮಣೆಯೊಂದನ್ನು ಮಾಡಿಕೊಟ್ಟಿದ್ದರು. ಚಾಕು ಹಿಡಿದರೆ ಈರುಳ್ಳಿಗಿಂತ ಮೊದಲು ಬೆರಳು ಹೆಚ್ಚಿಕೊಳ್ಳುವವಳು ನಾನು. ದಾರಿಯಲ್ಲಿ ಅಡುಗೆ ಮಾಡಿಕೊಳ್ಳಲು ಅದನ್ನೇ ಕೇಳಿದೆ. ದೊಡ್ಡಮ್ಮ ನೆಲದ ಮೇಲಿಟ್ಟು ನನ್ನತ್ತ ತಳ್ಳಿದರು.

"ಎತ್ಕೊ. ನಂದು ನಂಗೆ ವಾಪಸ್ ಬರ್ಬೇಕು. ಯಾರಿಗೂ ಕೈಯಿಂದ ಕೈಗೆ ಕೊಡ್ಬ್ಯಾಡ ಕಣವ್ವ, ಜಗ್ಳ ಆಯ್ತದೆ."

"ಅದೆಲ್ಲ ಸುಳ್ಳು ದೊಡ್ಡಮ್ಮ."

"ನಿಮ್ಮ ದೊಡ್ಡಪ್ಪ ನನ್ ಕೈಗೇ ಕೊಟ್ಟಿದ್ದು. ಇವತ್ತಿಗೂ ಜಗ್ಳ ನಿಂತಿಲ್ಲ."

ಮೊದಲನೆಯ ಗಡಿ

ಎಕ್ಸ್‌ರೇ ಯಂತ್ರ ಗಕ್ಕನೆ ನಿಂತಿತು. ಅಧಿಕಾರಿ ಪರದೆ ನೋಡಿದ, ನನ್ನನ್ನು ನೋಡಿದ, ಕೈ ಚಾಚಿದ. ನಾನು ಈಳಿಗೆ ಮಣೆಯನ್ನು ಬಿಡಿಸಿ, ನಿಧಾನವಾಗಿ ನೆಲಕ್ಕಿಟ್ಟು, ಎತ್ತಿಕೊಳ್ಳಲಿ ಎಂದು ಎರಡು ಹೆಜ್ಜೆ ಹಿಂದೆ ಸರಿದೆ. ಸಾಲಿನಲ್ಲಿದ್ದವರೂ ಸರಿದರು. ಅಧಿಕಾರಿ ಎಲ್ಲರಿಗಿಂತ ಹೆಚ್ಚು ಸರಿದ. ಸಿಪಾಯಿಯೊಬ್ಬ ಬಂದು ನನ್ನ ಎರಡೂ ಕೈ ಮೇಲೆತ್ತಿಸಿದ. ನಾನು ಶಸ್ತ್ರ ಕೆಳಗಿಟ್ಟು ಶರಣಾಗಿದ್ದೇನೆಂದು ಅವರು ತಿಳಿದಿದ್ದಾರೆ ಎನ್ನುವುದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಕೊನೆಗೆ ಸಾಲಿನಲ್ಲಿದ್ದ ಅಜ್ಜಿಯೊಬ್ಬಳ ಚೀಲದಿಂದ ಈರುಳ್ಳಿ ಬೇಡಿ ಪಡೆದೆ. ಅಲ್ಲೇ ಕುಕ್ಕರಗಾಲಿನಲ್ಲಿ ಕೂತು, ಮಣೆಯನ್ನು ಕಾಲಲ್ಲಿ ಒತ್ತಿ ಹಿಡಿದು ಸಣ್ಣಗೆ ಹೆಚ್ಚಿ ತೋರಿಸಿದೆ. ಅಧಿಕಾರಿ ಬಗ್ಗಿ ನೋಡಿದ. ಇಷ್ಟು ಗಡಿ ದಾಟಿದ್ದೇನೆ. ನನ್ನನ್ನು ಕಣ್ಣೀರಿಟ್ಟು ಕಳಿಸಿಕೊಟ್ಟವನು ಅವನೊಬ್ಬನೇ.

ಎರಡನೆಯದು

ಬೆಟ್ಟದ ಮೇಲೊಂದು ತಗಡಿನ ಕೋಣೆ. ಅಲ್ಲಿದ್ದ ಹುಡುಗ ಅಧಿಕಾರಿ ಬಲು ಮರ್ಯಾದಸ್ಥ. ತಾನೇ ಚೀಲ ತೆರೆದು, ಈಳಿಗೆ ಮಣೆ ಪರೀಕ್ಷಿಸಿ, ನಗುತ್ತ ನನ್ನ ಕೈಗೆ ನೀಡಿದ. ನಾನು ನೆಲ ತೋರಿಸಿದೆ. ಅವನು ನೆಲ ನೋಡಿದ. ಅಲ್ಲೇನೂ ಇರಲಿಲ್ಲ.

"ಬೇಡವೇ?" ಎಂದು ಫೋನಿನ ಅನುವಾದದಲ್ಲಿ ಕೇಳಿದ.

"ಬೇಕು."

"ತೆಗೆದುಕೊಳ್ಳಿ."

"ಕೆಳಗಿಡಿ."

"ಬೇಡವೇ?"

ತಲೆಕೆಟ್ಟು ಮೇಲಧಿಕಾರಿಯನ್ನು ಕರೆದ. ಅವನು ಬಂದವನೇ ಹುಡುಗನ ಕೈಯಿಂದ ಅದನ್ನು ಕಸಿದುಕೊಂಡ. ಕೈಯಿಂದ ಕೈಗೆ! ಒಂದು ನಿಮಿಷವೂ ಆಗಿರಲಿಲ್ಲ, ಇಬ್ಬರೂ ಮೇಜು ಗುದ್ದಿಕೊಂಡು ಕಿರುಚಾಡತೊಡಗಿದರು. ಮಣೆ ಮೇಜಿನ ಮೇಲೆ ಬಿತ್ತು, ನಾನು ಎತ್ತಿಕೊಂಡೆ. ನನಗೆ ಆ ಭಾಷೆ ಬಾರದು. ಆದರೆ ಜಗಳದ ನಿಜವಾದ ಕಾರಣ ಗೊತ್ತಿದ್ದವಳು ಅಲ್ಲಿ ನಾನೊಬ್ಬಳೇ.

ಮೂರನೆಯ ಗಡಿಯಲ್ಲಿ ಯಾರೂ ಚೀಲವನ್ನೇ ನೋಡಲಿಲ್ಲ. ಬೇಜಾರಾಯಿತು.

ಕೊನೆಯದು

ಬೆಂಗಳೂರಲ್ಲಿ ಇಳಿದು, ನಾಗಮಂಗಲದವರೆಗೆ ಬಸ್ಸು, ಅಲ್ಲಿಂದ ಕಾರು. ಪಾಂಡವಪುರದ ದಾರಿಯಲ್ಲಿ ಚುನಾವಣೆಯ ಚೆಕ್‌ಪೋಸ್ಟು. ಪೊಲೀಸಪ್ಪ ಚೀಲ ತೆರೆಸಿದ.

"ಏನಮ್ಮ, ಎಲೆಕ್ಸನ್ ಟೈಮಲ್ಲಿ ಮಚ್ಚು ಇಟ್ಕೊಂಡು ಓಡಾಡ್ತಾ ಇದ್ದೀರಾ?"

"ಈಳಿಗೆ ಮಣೆ ಸಾರ್." ಬಿಡಿಸಿ ತೋರಿಸಲು ಕೈಗೆತ್ತಿಕೊಂಡೆ.

ಅವನು ಕೈ ಹಿಂದಕ್ಕೆಳೆದುಕೊಂಡ. "ಕೈಗೆ ಕೊಡ್ಬ್ಯಾಡಿ, ಕೆಳಗಿಕ್ಕಿ! ಮನೇಲಿರೋ ಜಗ್ಳನೇ ಸಾಕಾಗೈತೆ."

ಮೂರು ತಿಂಗಳಲ್ಲಿ ಮೊದಲ ಸಲ ಯಾರಿಗೂ ಏನನ್ನೂ ವಿವರಿಸಬೇಕಾಗಲಿಲ್ಲ. ಆ ಖುಷಿಯಲ್ಲೇ ಚಿನಕುರಳಿಗೆ ಓಡಿ, ಬಾಗಿಲಲ್ಲೇ "ದೊಡ್ಡಮ್ಮಾ, ತಗೋ!" ಎಂದು ಈಳಿಗೆ ಮಣೆ ಚಾಚಿದೆ. ಅವರೂ ಅಷ್ಟೇ ಖುಷಿಯಲ್ಲಿ ಎರಡೂ ಕೈಯಲ್ಲಿ ಇಸಿದುಕೊಂಡರು.

ಇಬ್ಬರೂ ಅದನ್ನೇ ನೋಡುತ್ತ ನಿಂತೆವು.

"ಅಯ್ಯೋ, ಕೈಗೇ ಕೊಟ್ಬುಟ್ಯಲ್ಲೇ!"

"ನೀನ್ಯಾಕೆ ಇಸ್ಕೊಂಡೆ?"

"ನೀ ಚಾಚ್ದೆ, ಇಸ್ಕೊಂಡೆ!"

"ಹೇಳಿಕೊಟ್ಟವಳು ನೀನು!"

"ದೇಸ ಸುತ್ತಿ ಕಲ್ತಿದ್ದು ಇದೇಯಾ?"

ಕುಲುಮೆಯ ಮುಂದೆ ಕೂತಿದ್ದ ದೊಡ್ಡಪ್ಪ ಸುತ್ತಿಗೆ ಕೆಳಗಿಟ್ಟು, ಹೆಗಲ ಮೇಲಿನ ಟವೆಲಿನಲ್ಲಿ ಮುಖ ಒರೆಸಿಕೊಂಡರು.

"ಅಬ್ಬಾ! ನಲವತ್ತು ವರ್ಸ ಆದ್ಮೇಲೆ ಜಗ್ಳ ನನ್ನ ಕೈ ಬುಡ್ತು ಕಣವ್ವ. ಇನ್ಮೇಲೆ ನೀನು ನೋಡ್ಕೊ."