ಚಪ್ಪಲಿ ನೋಡುವ ನನ್ನ ತಮ್ಮ

ನನ್ನ ತಮ್ಮ ಇಷ್ಟು ವಯಸ್ಸಾದರೂ ಒಬ್ಬರ ಮುಖವನ್ನಾದರೂ ಸರಿಯಾಗಿ ನೋಡಿದ್ದಾನೆಂದು ನನಗೆ ನಂಬಿಕೆಯಿಲ್ಲ. ಅವನು ನೋಡುವುದು ಚಪ್ಪಲಿ! ಮದುವೆಗೆ ಹೋದರೆ ಹೆಣ್ಣುಗಂಡನ್ನು ನೋಡುವ ಮೊದಲು ಛತ್ರದ ಬಾಗಿಲಲ್ಲಿ ನಿಂತು ಚಪ್ಪಲಿ ನೋಡುತ್ತಾನೆ. ಕೆಂಗಲ್ಲಿನ ಹನುಮನ ಗುಡಿಗೆ ಹೋದರೆ ದೇವರಿಗೊಂದು ಕೈ ಮುಗಿದು, ಹೊರಗೆ ಬಂದು ಚಪ್ಪಲಿ ಬಿಡುವ ಜಾಗದಲ್ಲಿ ಕೂರುತ್ತಾನೆ. ಆಂಜನೇಯ ಬರಿಗಾಲಿನವನು, ಬಚಾವಾದ. ಇಲ್ಲದಿದ್ದರೆ ಅವನದನ್ನೂ ತಿರುಗಿಸಿ ನೋಡುತ್ತಿದ್ದ.

"ಅದೇನ್ಲಾ ಕಾಣ್ತದೆ ನಿಂಗೆ ಅದ್ರಲ್ಲಿ?" ಎಂದು ಒಂದು ದಿನ ಕೇಳಿಯೇಬಿಟ್ಟೆ.

"ಮೊಕಕ್ಕೆ ಪೌಡ್ರು ಬಳ್ಕೋಬೋದು ಕಣಕ್ಕ. ಸವೆದ ಹಿಮ್ಮಡಿಗೆ ಏನ್ ಬಳ್ಕೋತಾರೆ?"

ಅವನು ಕರೆಂಟ್ ಆಫೀಸಿನಲ್ಲಿದ್ದವನು. ಕೆಲಸವಿದ್ದಷ್ಟು ದಿನ ಮನೆಮನೆಯ ಮೀಟರ್ ಓದಿದ. ಮೀಟರ್ ಗೋಡೆಯ ಹೊರಗಿರುತ್ತದಲ್ಲ, ಹಾಗಾಗಿ ಒಳಗೆ ಕಾಲಿಡದೆಯೇ ಒಳಗಿನವರ ಬದುಕು ತಿಳಿಯುತ್ತದೆ ಎಂಬ ಹುಚ್ಚು ಅಂಟಿಕೊಂಡಿತು ಅಂತ ಕಾಣುತ್ತದೆ.

ನನ್ನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಾಗಲೂ ಅಷ್ಟೆ. ಎಲ್ಲರೂ ಒಳಗೆ ಉಪ್ಪಿಟ್ಟು ತಿನ್ನುತ್ತಿದ್ದರೆ ಇವನು ಜಗಲಿಯಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದ. ನನ್ನನ್ನು ಅಡುಗೆಮನೆಯಿಂದ ಕರೆದು, "ಒಪ್ಕೊಂಡ್ಬುಡಕ್ಕ. ಹುಡ್ಗ ನಡ್ಯೋನು, ಕೂತು ತಿನ್ನೋನಲ್ಲ. ಹಿಮ್ಮಡಿ ನೋಡು, ಎಂಗೆ ಸವೆದೈತೆ!" ಎಂದ. ಒಪ್ಪಿಕೊಂಡೆವು. ನನ್ನ ಅಳಿಯ ಈಗ ಎದುರುಮನೆಗೂ ಬೈಕಿನಲ್ಲಿ ಹೋಗುತ್ತಾನೆ. ಅಂದು ನೋಡಿದ ಚಪ್ಪಲಿ ಅವರಪ್ಪನದಂತೆ!

ಇಂಥವನ ಕೈಗೆ ಒಂದು ಜವಾಬ್ದಾರಿ ಬಂತು. ಚನ್ನಪಟ್ಟಣದ ಹೈಸ್ಕೂಲಿನಲ್ಲಿ ಇವನ ಜೊತೆ ಓದಿದವರು ಸೇರಿ ಒಂದು ಬಳಗ ಕಟ್ಟಿಕೊಂಡಿದ್ದಾರೆ. ಹಾರೋಹಳ್ಳಿಯಲ್ಲಿ ಸಣ್ಣ ಫ್ಯಾಕ್ಟರಿ ಇಟ್ಟವನಿದ್ದಾನೆ, ಕನಕಪುರದಲ್ಲಿ ಒಬ್ಬ ಡಾಕ್ಟರಮ್ಮ ಇದ್ದಾಳೆ, ಏನೂ ಇಲ್ಲದವರೂ ಇದ್ದಾರೆ. ಕೈಲಾದಷ್ಟು ಹಾಕಿ ಒಂದು ಗಂಟು ಮಾಡುತ್ತಾರೆ. ಬಡತನ ಕಳೆಯಲು ದುಡಿಯುವ ಸಂಸ್ಥೆ ನಮ್ಮ ಸುತ್ತಮುತ್ತ ಎಲ್ಲಿದೆ ಎಂದು ಹುಡುಕಿ ಕೊಡುತ್ತಾರೆ. ಕೊಡುವ ಮೊದಲು ಬಳಗದವರು ಯಾರಾದರೂ ಹೋಗಿ ಕಣ್ಣಾರೆ ನೋಡಿ ಬರಬೇಕು. ಸಂಬಳವಿಲ್ಲ, ಬಸ್ ಚಾರ್ಜೂ ಕೈಯಿಂದಲೇ. ಯಾರು ಹೋಗುತ್ತಾರೆ? ಬಿಡುವಾಗಿದ್ದವನು ಇವನೇ!

ರಾಮನಗರದಲ್ಲಿ ಒಂದು ಸಂಸ್ಥೆಯ ಮುಂದೆ ಕೂತು ನೋಡಿದನಂತೆ. ಬಾಗಿಲಲ್ಲಿ ಬರೀ ಪಾಲಿಷ್ ಬೂಟು. "ಇಲ್ಲಿಗೆ ಬಡವ್ರು ಬರಲ್ಲ, ಬಡವ್ರ ಇಸ್ಯ ಮಾತಾಡೋರು ಬತ್ತಾರೆ" ಎಂದು ಬಳಗಕ್ಕೆ ಹೇಳಿದ. ವಿಚಾರಿಸಿದರೆ ನಿಜವೇ ಆಯಿತು. ಒಂದು ಸಲ ಊಹೆ ಸರಿಹೋದ ಮೇಲೆ ಇವನನ್ನು ಹಿಡಿಯಲು ಸಾಧ್ಯವೇ? ಅಲ್ಲಿಂದ ಮುಂದೆ ಬಳಗದವರು ಇವನ ಮಾತನ್ನೇ ನಂಬತೊಡಗಿದರು.

ಮಾಗಡಿ ಕಡೆ ಮಾತ್ರ ಸಿಕ್ಕಿಬಿದ್ದ. ಯಾರದೋ ಚಪ್ಪಲಿ ಎತ್ತಿ ಹಿಮ್ಮಡಿ ನೋಡುತ್ತಿದ್ದಾಗ ನಾಲ್ಕು ಜನ ಕೊರಳಪಟ್ಟಿ ಹಿಡಿದುಕೊಂಡರು.

"ಏನ್ಲಾ, ಅಳತೆ ಸರಿಯಾಗೈತಾ ನಿನ್ ಕಾಲ್ಗೆ?"

"ಕದಿಯಾಕಲ್ಲ ಸ್ವಾಮಿ, ನೋಡಾಕೆ!"

"ನೋಡಾಕೆ ಅದೇನು ಸಿನಿಮಾನಾ?"

ಡಾಕ್ಟರಮ್ಮ ಫೋನಿನಲ್ಲಿ ಮಾತಾಡಿ ಬಿಡಿಸಿದಳು. ಇನ್ನು ಮೇಲೆ ಅಕ್ಕನನ್ನು ಜೊತೆಗೆ ಕರೆದುಕೊಂಡು ಹೋಗು ಎಂದು ಅವಳೇ ಅಪ್ಪಣೆ ಮಾಡಿದಳು. ಕಳ್ಳರು ಮುದಿ ಅಕ್ಕಂದಿರನ್ನು ಕಟ್ಟಿಕೊಂಡು ಬರುವುದಿಲ್ಲವಂತೆ!

ಹೀಗೆ ನಾನು ಬೈರಾಪಟ್ಟಣಕ್ಕೆ ಹೋದೆ. ಅಲ್ಲೊಂದು ಶೆಡ್ಡು. ಗಂಡ ಸತ್ತ, ಗಂಡ ಬಿಟ್ಟ ಹೆಂಗಸರಿಗೆ ಮಿಷನ್ನಿನಲ್ಲಿ ಮರದ ಬೊಂಬೆ ಕಡೆದು ಅರಗಿನ ಬಣ್ಣ ಹಿಡಿಸುವ ಕೆಲಸ ಕಲಿಸುತ್ತಾರೆ. ಶೆಡ್ಡಿನ ಮಾಲೀಕ ಬಾಡಿಗೆಗೆ ಗಂಟುಬಿದ್ದಿದ್ದ. ಬಳಗ ಕೈಹಿಡಿದರೆ ಉಂಟು, ಇಲ್ಲದಿದ್ದರೆ ತಿಂಗಳ ಕೊನೆಗೆ ಬೀಗ. ತಮ್ಮ ಅದಕ್ಕೆ ಮುಂಚೆ ಎರಡು ಸಲ ಒಬ್ಬನೇ ಬಂದು ನೋಡಿದ್ದ. ಮೊದಲ ಸಲ ಬಾಗಿಲ ತುಂಬ ಸವೆದ ಹವಾಯಿ ಚಪ್ಪಲಿ ಕಂಡು ಖುಷಿಯಾಗಿದ್ದ. ಎರಡನೇ ಸಲ ಹತ್ತಿರ ಹೋಗಿ ಒಂದೆರಡು ತಿರುಗಿಸಿಯೂ ನೋಡಿ ಬಂದಿದ್ದ.

ಆ ದಿನ ರಸ್ತೆಯಾಚೆ ಹೊಂಗೆ ಮರದ ಕೆಳಗೆ ಕೂತೆವು. ಬಿಸಿಲಿಗೆ ಅವನು ಎಂದಿನಂತೆ ತಲೆ ಮುಖ ಮುಚ್ಚುವಂತೆ ಟವೆಲ್ ಸುತ್ತಿಕೊಂಡಿದ್ದ. ಬಾಗಿಲು ಅರೆ ಮುಚ್ಚಿತ್ತು. ಮುಂದೆ ಒಂದೂ ಚಪ್ಪಲಿ ಇಲ್ಲ! ಮಿಷನ್ನಿನ ಸದ್ದೂ ಇಲ್ಲ. ಕರೆಂಟ್ ಹೋಗಿತ್ತು, ಕರೆಂಟ್ ಆಫೀಸಿನವನಿಗೆ ಅದು ಹೊಳೆಯಲೇ ಇಲ್ಲ.

"ಎಲ್ಲ ನಾಟ್ಕ ಕಣಕ್ಕ. ಅವತ್ತು ಯಾರ್‍ನೋ ಕರ್‍ಸಿ ಕೂರ್‍ಸಿದ್ರು. ಇವ್ರಿಗೆ ಕೊಡ್ಬಾರ್ದು" ಎಂದು ಮೊಬೈಲು ತೆಗೆದು ಬಳಗಕ್ಕೆ 'ಬೇಡ' ಎಂದು ಕಾರಣದ ಸಮೇತ ಕುಟ್ಟತೊಡಗಿದ. ಒಂದು ಬೆರಳಿನಲ್ಲಿ ಕುಟ್ಟುವವನು, ಹೊತ್ತು ಹಿಡಿಯುತ್ತದೆ.

ನನಗೆ ಒಂದಕ್ಕೆ ಹೋಗಬೇಕಿತ್ತು. "ನೀ ಕುಟ್ತಿರು, ನಾನ್ ಒಳಗೋಗಿ ಬತ್ತೀನಿ" ಎಂದು ರಸ್ತೆ ದಾಟಿದೆ. ಬಾಗಿಲಲ್ಲಿ ಚಪ್ಪಲಿ ಕಳಚಿದ್ದೇ ತಡ, ಒಳಗಿನಿಂದ ಒಬ್ಬಳು ಓಡಿ ಬಂದಳು.

"ಅಜ್ಜೀ, ಒಳಿಕ್ ತಕ್ಕೊಂಡ್ ಬನ್ನಿ! ಆ ಮರದ್ ಕೆಳಗೆ ಟವಲ್ ಸುತ್ಕೊಂಡ್ ಒಬ್ಬ ಕುಂತವ್ನೆ ನೋಡಿ, ಚಪ್ಪಲಿ ಕಳ್ಳ. ಮೊನ್ನೆ ಬಂದು ಎತ್ತೆತ್ತಿ ನೋಡ್ಬುಟ್ಟು ಓದ್ನಂತೆ!"

ಒಳಗೆ ನೋಡುತ್ತೇನೆ, ಶೆಡ್ಡು ತುಂಬ ಹೆಂಗಸರು! ಮಿಷನ್ ನಿಂತಿದ್ದರಿಂದ ಬುಗುರಿ, ಗಿಲಕಿಗಳನ್ನು ಕೈಯಲ್ಲೇ ಉಜ್ಜಿ ನಯ ಮಾಡುತ್ತಿದ್ದರು. ಒಬ್ಬೊಬ್ಬಳ ಪಕ್ಕದಲ್ಲೂ ಅವಳವಳ ಚಪ್ಪಲಿ. ಒಂದರ ಬಾರಿಗೆ ಸೇಫ್ಟಿ ಪಿನ್ನು. ಒಬ್ಬಳದು ಒಂದು ನೀಲಿ, ಒಂದು ಕೆಂಪು. ಇನ್ನೊಬ್ಬಳು ಕವರಿನಲ್ಲಿ ಸುತ್ತಿ ಊಟದ ಡಬ್ಬಿಯ ಜೊತೆ ಇಟ್ಟಿದ್ದಳು.

ನಗು ತಡೆದುಕೊಂಡು, ನನ್ನ ಕೆಲಸ ಮುಗಿಸಿ, ಬಾಗಿಲಿಗೆ ಬಂದು ಕೂಗಿದೆ. "ಮೊಬೈಲ್ ಇಳಿಸ್ಲಾ! ಒಸಿ ಒಳಕ್ ಬಾ!"

ಬಂದ. ಬಾಗಿಲಲ್ಲಿ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡ, ಚಪ್ಪಲಿ ಬಿಟ್ಟ, ಒಳಗೆ ಬಂದು ನಿಂತ. ಸಾಲುಸಾಲು ಚಪ್ಪಲಿ ನೋಡಿದ. ಆಮೇಲೆ, ನಾನು ಕಂಡಂತೆ ಮೊದಲ ಸಲ, ತಲೆಯೆತ್ತಿ ಮುಖಗಳನ್ನು ನೋಡಿದ. ಕಳ್ಳ ಇವನೇ ಕಣ್ರೇ ಎಂದು ಹೇಳಲು ನನ್ನ ನಾಲಿಗೆ ತುರಿಸುತ್ತಿತ್ತು. ಅಷ್ಟರಲ್ಲಿ ಕಣ್ಣು ಮಂಜಾದ ಒಬ್ಬ ಮುದುಕಿ ತಡವರಿಸಿಕೊಂಡು ಹೊರಗೆ ಹೋಗಿ, ಇವನ ಚಪ್ಪಲಿ ತಂದು ತನ್ನ ಪಿನ್ನು ಹಾಕಿದ ಚಪ್ಪಲಿಯ ಪಕ್ಕದಲ್ಲಿ ಜೋಡಿಸಿಟ್ಟಳು.

"ಆಚೆ ಬುಡಬ್ಯಾಡಿ ಸ್ವಾಮಿ, ಕಳ್ಳ ಬಂದವ್ನೆ. ಈ ಬಿಸ್ಲಲ್ಲಿ ಬರಿಗಾಲಲ್ಲಿ ಎಂಗ್ ಓಯ್ತೀರಿ?"

ತಮ್ಮ ಅಲ್ಲೇ ನೆಲದ ಮೇಲೆ ಕೂತ. ಮೊಬೈಲು ತೆಗೆದು ಕುಟ್ಟಿದ್ದನ್ನೆಲ್ಲ ಅಳಿಸಿ, ಮತ್ತೆ ಒಂದು ಬೆರಳಿನಲ್ಲಿ 'ಕೊಡಲೇಬೇಕು' ಎಂದು ಕುಟ್ಟಿ ಕಳಿಸಿದ. ಆಮೇಲೆ ಮುದುಕಿಯ ಕಡೆ ತಿರುಗಿದ.

"ಕಳ್ಳ ಒಂಟೋದ ಕಣವ್ವಾ. ಇನ್ ಬರಾಕಿಲ್ಲ. ನಾಳೆಯಿಂದ ಚಪ್ಪಲಿ ಆಚೇನೇ ಬುಡಿ."

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಅವನ ಮುಖ ನೋಡಲಿಲ್ಲ. ಅವನ ಸವೆದ ಚಪ್ಪಲಿ ನೋಡಿಕೊಂಡು ಕೂತೆ.