ಜಪಾನಿನ ಆಟಗಾರನಿಗೆ ಬರೆದ ಹನ್ನೆರಡು ಸಾಲು

ಐವತ್ತು ದಾಟಿದ ಮೇಲೆ ಹೊಟ್ಟೆಕಿಚ್ಚು ಪಡಲು ಯಾರೂ ಉಳಿದಿರುವುದಿಲ್ಲ ಎಂದು ನಂಬಿದ್ದೆ. ಜೊತೆಯವರೆಲ್ಲ ನನ್ನಷ್ಟೇ ಬೋಳಾಗಿದ್ದರು, ನನ್ನಷ್ಟೇ ಹೊಟ್ಟೆ ಬಿಟ್ಟಿದ್ದರು. ಆ ನೆಮ್ಮದಿಗೆ ಕಲ್ಲು ಹಾಕಿದವನು ಜಪಾನಿನ ಒಬ್ಬ ನಿವೃತ್ತ ಫುಟ್‌ಬಾಲ್ ಆಟಗಾರ. ಮೈದಾನದಲ್ಲಿ ಅವನನ್ನು ಎಷ್ಟು ಜನ ನೋಡಿದ್ದರೋ ನನಗೆ ತಿಳಿಯದು. ಈಗ ಅವನು ಅಡುಗೆಮನೆಯಲ್ಲಿ ಮೂಲಂಗಿ ಹೆಚ್ಚುವುದನ್ನು ಲೋಕವೆಲ್ಲ ಫೋನಿನಲ್ಲಿ ನೋಡುತ್ತದೆ. ಹೂಸ್ಟನ್ನಿನ ಆಚೆ ಸೈಪ್ರೆಸ್‌ನ ನಮ್ಮ ಮನೆಯಲ್ಲಿ ನನ್ನ ಹೆಂಡತಿ ವಸುಧಾ ನೋಡುತ್ತಾಳೆ. ಅವಳ ಮೈಸೂರಿನ ತವರಿನ ಪದ್ಧತಿಯಂತೆ ಗಂಡನ ಹೆಸರು ಹೇಳುವಂತಿಲ್ಲ, ‘ಅವರು’ ಎನ್ನಬೇಕು. ಇಪ್ಪತ್ತಾರು ವರ್ಷ ‘ಅವರು’ ಎಂದರೆ ನಾನೇ ಆಗಿದ್ದೆ. ಈಗ ಅವಳು ಗೆಳತಿಗೆ ಫೋನಿನಲ್ಲಿ, “ಅವರು ಇವತ್ತು ಎಷ್ಟು ಚೆನ್ನಾಗಿ ಪಾತ್ರೆ ತೊಳೆದ್ರು ಗೊತ್ತಾ” ಎಂದರೆ, ಅದು ನಾನಲ್ಲವೆಂದು ಎಂಥವರಿಗೂ ತಿಳಿಯುತ್ತದೆ.

ನಾನೂ ಕೈಕಟ್ಟಿ ಕೂರಲಿಲ್ಲ. ಒಂದು ದಿನ ಹುಳಿಗೆ ಮೂಲಂಗಿ ನಾನೇ ಹೆಚ್ಚುತ್ತೇನೆಂದು, ಆಫೀಸಿನ ಮೀಟಿಂಗನ್ನು ಕಿವಿಗೆ ಸಿಕ್ಕಿಸಿಕೊಂಡು ಚಾಕು ಹಿಡಿದೆ. ಹೋಳುಗಳನ್ನು ನೋಡಿ ವಸುಧಾ, “ಬಿಡಿ, ನಾನು ಮಾಡ್ಕೋತೀನಿ” ಎಂದಳು. ಬೈದಿದ್ದರೂ ಸಮಾಧಾನವಿರುತ್ತಿತ್ತು. ಆ ವಾರದ ಕೊನೆಗೆ ಡಾಲಸ್ ಪಕ್ಕದ ಇರ್ವಿಂಗ್‌ನಲ್ಲಿರುವ ಅವಳ ಗೆಳತಿ ಶಾಂತಕ್ಕನ ಮನೆಗೆ ಹೊರಟೆವು. ನಾಲ್ಕು ಗಂಟೆಯ ದಾರಿ. ನಾನು ಸ್ಟಿಯರಿಂಗ್ ಹಿಡಿದಿದ್ದೆ, ಅವಳು ಅವನ ವಿಡಿಯೋ ಹಿಡಿದಿದ್ದಳು. ನಾನಾಡಿದ ಮಾತು “ಎಕ್ಸಿಟ್ ಇದೇನಾ?” ಎಂಬುದೊಂದೇ. ನಿಜಕ್ಕೂ ಭಯವಾಯಿತು. ಮಗಳು ಓದಲು ಆಸ್ಟಿನ್‌ಗೆ ಹೋದ ಮೇಲೆ ಮನೆಯಲ್ಲಿ ಉಳಿದವರು ನಾವಿಬ್ಬರೇ. ಅದರಲ್ಲಿ ಒಬ್ಬಳು ನಿಧಾನವಾಗಿ ಜಪಾನಿಗೆ ಶಿಫ್ಟ್ ಆಗುತ್ತಿದ್ದಳು.

ಅಂಗಡಿಯ ಸಾಲಿನಲ್ಲಿ ಮುಂದೆ ನಿಂತವರ ಟೋಪಿಯನ್ನು ಕನ್ನಡದಲ್ಲಿ ಜೋರಾಗಿಯೇ ಆಡಿಕೊಳ್ಳುವುದು ಟೆಕ್ಸಾಸಿನಲ್ಲಿ ನಮಗೆಲ್ಲ ಇರುವ ಚಟ. ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯ. ಅದೇ ಧೈರ್ಯದಲ್ಲಿ ಶಾಂತಕ್ಕನ ಸೋಫಾದ ಮೇಲೆ ಕೂತು ಅವನ ವಿಡಿಯೋದ ಕೆಳಗೆ ಕನ್ನಡದಲ್ಲಿ ಬರೆದೆ. “ಸ್ವಾಮಿ, ನೀವು ನಿವೃತ್ತರಾಗಿ ನನಗೂ ನಿವೃತ್ತಿ ಕೊಡಿಸಿದಿರಿ. ನನ್ನ ಹೆಂಡತಿ ಈಗ ನನ್ನ ಮುಖ ನೋಡಿ ನಗುವುದಿಲ್ಲ. ಅವಳ ನಗು ಕೇಳದೆ ಆ ಮನೆಯಲ್ಲಿ ಇರಲಾರೆ” ಎಂದು ಶುರುವಾದದ್ದು ಹನ್ನೆರಡು ಸಾಲಾಯಿತು. ಪುಣ್ಯಾತ್ಮ ಅನುವಾದದ ಗುಂಡಿ ಒತ್ತಿ ಓದಿದ್ದಾನೆ. ಉತ್ತರವನ್ನೂ ಕನ್ನಡಕ್ಕೇ ತಿರುಗಿಸಿ ಹಾಕಿದ್ದಾನೆ: “ಗೌರವಾನ್ವಿತ ಪತಿಯೇ, ನಿಮ್ಮ ಮನೆಗೆ ಆದ ತೊಂದರೆಗೆ ತಲೆಬಾಗಿ ಕ್ಷಮೆ ಬೇಡುತ್ತೇನೆ.” ಜನ ಮೆಚ್ಚಿ ಮೆಚ್ಚಿ ನನ್ನ ಗೋಳನ್ನು ಎಲ್ಲಕ್ಕಿಂತ ಮೇಲಕ್ಕೆ ತಂದು ಕೂರಿಸಿದರು. ಮರುದಿನ ತಿಂಡಿಗೆ ಕೂತಾಗ ಹುಬ್ಬಳ್ಳಿ ಕಡೆಯ ಶಾಂತಕ್ಕ, “ಭಾಳ ಚಂದ ಬರದೀರಿ ನೋಡ್ರಿ, ಓದಿ ನನಗ ಕಣ್ಣಾಗ ನೀರ ಬಂತು” ಎಂದರು. ವಸುಧಾ ಫೋನನ್ನು ತನ್ನ ಕಡೆ ಎಳೆದುಕೊಂಡು ಓದತೊಡಗಿದಳು.

ವಾಪಸು ಬರುವಾಗ ಅವಳು ಫೋನನ್ನು ಬ್ಯಾಗಿನೊಳಗೆ ಇಟ್ಟಳು. “ಹನ್ನೆರಡು ಸಾಲು ಬರೆದಿದೀರಿ, ಎಣಿಸಿದೆ. ನನ್ನ ಹತ್ರ ಒಟ್ಟಿಗೆ ಅಷ್ಟು ಮಾತಾಡಿ ಎಷ್ಟು ವರ್ಷ ಆಯ್ತು? ಹೆಂಡತಿ ಏನಾದ್ರೂ ಹೇಳೋಕೆ ಬಂದ್ರೆ ಆ ಮನುಷ್ಯ ಚಾಕು ಕೆಳಗಿಟ್ಟು ಕೇಳ್ತಾರೆ. ನಾನು ನೋಡೋದು ಅದನ್ನ. ಮೂಲಂಗಿ ಯಾರಿಗೆ ಬೇಕು” ಎಂದಳು. ಧ್ವನಿಯಲ್ಲಿ ಕೋಪವಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. ಹೇಳಬೇಕಾದದ್ದು ಎದೆ ತುಂಬ ಇತ್ತು. ಊರವರ ಕಣ್ಣಲ್ಲೆಲ್ಲ ನೀರು ತರಿಸಿದ ಬರಹಗಾರನಾದ ನಾನು ಗಂಟಲು ಸರಿಮಾಡಿಕೊಂಡೆ, ಅವಳ ಕಡೆ ತಿರುಗಿದೆ, “ಎಸಿ ಜಾಸ್ತಿ ಆಯ್ತಾ?” ಎಂದು ಕೇಳಿದೆ.